ಕಿರ್ದಿ ಪಕ್ಕದಲ್ಲಿ ನಡಾವಳಿ: ಮಾಜಿ ಮೇಯರ್ ಒಬ್ಬರ ಜೀವನ ಬರೆದ ಬಗೆ

ತುಮಕೂರಿನ ಮಂಡಿ ವರ್ತಕರೂ ಮಾಜಿ ಮೇಯರೂ ಆದ ಹಿರಿಯರೊಬ್ಬರ ಅಭಿನಂದನಾ ಗ್ರಂಥಕ್ಕೆ ಜೀವನಚಿತ್ರ ಬರೆಯಲು ಒಪ್ಪಿಕೊಂಡಾಗ ಮೊದಲು ಒಂದು ಉದ್ದ ಹಾಳೆಗೆ ಗೆರೆ ಹಾಕಿಕೊಂಡೆ. ಎಡಕ್ಕೆ ಅಂಗಡಿ, ಬಲಕ್ಕೆ ಪಾಲಿಕೆ, ನಡುವೆ ತಿಂಗಳು, ಇಸವಿ. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಡಿ ಸದಸ್ಯತ್ವ ಐದು ವರ್ಷ, ಮೇಯರ್ ಪದವಿ ಒಂದೇ ವರ್ಷ. ಆ ಹನ್ನೆರಡು ತಿಂಗಳಿಗೆ ಊರಿನ ರಸ್ತೆ, ನೀರು, ದೀಪವನ್ನೆಲ್ಲ ತಂದು ಕಟ್ಟಿದರೆ ಬರಹ ಕೆಡುತ್ತದೆ.

ಹುದ್ದೆಯ ಹೆಸರಲ್ಲೇ ತಪ್ಪು ನುಸುಳುತ್ತದೆ. ತುಮಕೂರು ಪಾಲಿಕೆಯಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ನಗರಸಭೆ, ಅದಕ್ಕೆ ಅಧ್ಯಕ್ಷರು. ಹಳೆಯ ಅಧ್ಯಕ್ಷರನ್ನೂ ಪ್ರೀತಿಯಿಂದ ‘ಮೇಯರ್ ಸಾಹೇಬ್ರು’ ಅನ್ನುವವರಿದ್ದಾರೆ. ಮಾತಿಗೆ ಸರಿ, ಅಚ್ಚಿಗೆ ಸಲ್ಲದು.

ಪಾಲಿಕೆಯ ಕಡೆಯಿಂದ ಬೇಕಾದದ್ದು ಸಾಮಾನ್ಯ ಸಭೆಯ ನಡಾವಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ‘ಇವರ ಅವಧಿಯ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಅರ್ಜಿ ವಾಪಸ್ ಬರುತ್ತದೆ. ಸಭೆಯ ತಿಂಗಳು ನಮೂದಿಸಿ, ಆ ತಿಂಗಳ ನಡಾವಳಿ ಮಾತ್ರ ಕೇಳಬೇಕು. ನಡಾವಳಿಯಲ್ಲಿ ವಿಷಯ ಸಂಖ್ಯೆ, ಸೂಚಕರು, ಅನುಮೋದಕರು, ನಿರ್ಣಯ ಎಲ್ಲ ಇರುತ್ತದೆ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುವವರು, ಆಡಳಿತ ನಡೆಸುವವರು ಆಯುಕ್ತರು. ಹಾಗಾಗಿ ‘ಮಾಡಿಸಿದರು’ ಎಂದು ಬರೆಯುವ ಮುನ್ನ ಕ್ರಿಯಾಯೋಜನೆ, ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ, ಇಷ್ಟರ ತಾರೀಖನ್ನೂ ಬಲಗಡೆ ಕಾಲಂಗೆ ಇಳಿಸಬೇಕು. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರಿನಂಥ ಕೆಲಸಕ್ಕೆ ಇನ್ನೂ ಎಚ್ಚರ ಬೇಕು, ಅದು ಹಲವು ಅವಧಿಗಳ ದುಡಿಮೆ. ಶಂಕುಸ್ಥಾಪನೆಯ ಕಲ್ಲಿನಲ್ಲಿ ಹೆಸರಿದೆ ಎಂದರೆ ಆ ದಿನ ಅವರು ಅಧಿಕಾರದಲ್ಲಿದ್ದರು ಎಂದಷ್ಟೇ ಅರ್ಥ.

ವ್ಯಾಪಾರದ ಕಡೆ ಕೆಲಸ ಹೆಚ್ಚು, ರುಚಿಯೂ ಹೆಚ್ಚು. ಪಾಲುದಾರಿಕೆ ಪತ್ರ, ಅಣ್ಣತಮ್ಮಂದಿರ ವಿಭಾಗ ಪತ್ರ, ಕಿರ್ದಿ (ದಿನದಿನದ ಲೆಕ್ಕದ ಪುಸ್ತಕ), ಖತಾವಣಿ (ಹೆಸರುವಾರು ಖಾತೆಗಳ ಪುಸ್ತಕ) ಇವಿಷ್ಟನ್ನು ಕೇಳಿ ಪಡೆಯಬೇಕು. 2005ರ ಏಪ್ರಿಲ್ 1ರಂದು ವ್ಯಾಟ್ ಬಂತು, 2017ರ ಜುಲೈ 1ರಂದು ಜಿಎಸ್‌ಟಿ. ಎರಡು ಸಲವೂ ನೋಂದಣಿ ಸಂಖ್ಯೆ ಬದಲಾದ್ದರಿಂದ ಒಂದೇ ಅಂಗಡಿ ಕಾಗದದಲ್ಲಿ ಮೂರು ಅಂಗಡಿಯಂತೆ ಕಾಣುತ್ತದೆ. ಬೋರ್ಡಿನ ಹೆಸರು ನಂಬಬೇಡಿ, ವಿಳಾಸ ಮತ್ತು ಪಾಲುದಾರರ ಹೆಸರು ಹಿಡಿದು ಜೋಡಿಸಿ.

ಕಿರ್ದಿಯಲ್ಲಿ ಮೊತ್ತಕ್ಕಿಂತ ಕೈಬರಹವೇ ಹೆಚ್ಚು ಹೇಳುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹುಣಸೆಹಣ್ಣಿನ ಸುಗ್ಗಿ, ಪಾಲಿಕೆಯ ಬಜೆಟ್ ಸಭೆಯೂ ಅದೇ ಹೊತ್ತಿಗೆ. ಮೇಯರ್ ಆದ ವರ್ಷದ ಆ ಪುಟಗಳಲ್ಲಿ ಅವರ ನೀಲಿ ಇಂಕಿನ ಓರೆ ಅಕ್ಷರ ನಿಂತು, ಗುಮಾಸ್ತರ ದುಂಡು ಅಕ್ಷರ ಶುರುವಾಗುತ್ತದೆ. ಅಂಗಡಿಗೆ ಆ ವರ್ಷ ಎಷ್ಟು ದಿನ ಬಂದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗಲಾರದು.

ಸಂದರ್ಶನಕ್ಕೆ ಒಂದೂವರೆ ಗಂಟೆಯಂತೆ ಮೂರು ಬೈಠಕ್ ಸಾಕು. ಮೊದಲನೆಯದು ಮನೆಯಲ್ಲಿ ಬೇಡ, ಮಂಡಿಯಲ್ಲೇ ಆಗಲಿ. ‘ಯಾವ ಇಸವಿ ಸಾರ್?’ ಎಂದರೆ ತಡವರಿಸುವವರು ‘ಆಗ ಕ್ವಿಂಟಾಲ್ ಹುಣಸೆಹಣ್ಣು ಎಷ್ಟಿತ್ತು?’ ಎಂದರೆ ಥಟ್ಟನೆ ಹೇಳುತ್ತಾರೆ. ಆ ದರವನ್ನು ಕಿರ್ದಿಯಲ್ಲಿ ಹುಡುಕಿದರೆ ಇಸವಿ ತಾನಾಗಿ ಸಿಗುತ್ತದೆ.

ಕೇಳಲು ಸಂಕೋಚವಾದರೂ ಬಿಡಬಾರದ ಪ್ರಶ್ನೆ ಒಂದಿದೆ. ಪಾಲಿಕೆಯ ಗುತ್ತಿಗೆಯಲ್ಲಿ ಸದಸ್ಯರಿಗೆ ಪಾಲು ಇದ್ದರೆ ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಆ ಐದು ವರ್ಷದ ಖತಾವಣಿಯಲ್ಲಿ ಪಾಲಿಕೆಯ ಹೆಸರಿನ ಖಾತೆ ಇದೆಯೇ ಎಂದು ಪುಟ ಪುಟ ನೋಡಿ, ಚುನಾವಣೆಗೆ ಕೊಟ್ಟ ಆಸ್ತಿ ಪ್ರಮಾಣಪತ್ರದ ಜೊತೆ ತಾಳೆ ಹಾಕಬೇಕು. ಇದನ್ನು ಅವರಿಗೆ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಕರಡು ಮುಗಿದ ಮೇಲೆ ಮನೆಯವರಿಗೆ ತೋರಿಸುವ ಮುನ್ನ ಹಳೆಯ ಗುಮಾಸ್ತರ ಮುಂದೆ ಗಟ್ಟಿಯಾಗಿ ಓದಿ. ಮನೆಯವರು ವಿಶೇಷಣ ತಿದ್ದುತ್ತಾರೆ, ಗುಮಾಸ್ತರು ತಾರೀಖು ತಿದ್ದುತ್ತಾರೆ.