ಬಸಿರಿನ ಹನ್ನೊಂದೂವರೆ ಕಿಲೊ, ಬಾಣಂತನದ ನಾಲ್ಕೂವರೆ ಕಿಲೊ

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಲೆಕ್ಕ ಬರೆದಿಡುವ ಚಟ ವೃತ್ತಿಯಿಂದಲೇ ಅಂಟಿಕೊಂಡದ್ದರಿಂದ, ಗರ್ಭಿಣಿಯೆಂದು ತಿಳಿದ ವಾರದಿಂದ ಮಗಳಿಗೆ 14 ತಿಂಗಳು ತುಂಬುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದೇ ಯಂತ್ರದ ಮೇಲೆ ನಿಂತು ನನ್ನ ತೂಕವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದೆ. ಬಾಣಂತನಕ್ಕೆ ಗದಗ ಜಿಲ್ಲೆಯ ತವರಿಗೆ ಹೋಗುವಾಗ ಆ ಯಂತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಅದಕ್ಕಾಗಿ ಮನೆಯವರೆಲ್ಲ ನಕ್ಕದ್ದೂ ಉಂಟು. ಆ ಪುಸ್ತಕ ಇಲ್ಲದಿದ್ದರೆ ನಾನೂ ಎಲ್ಲರಂತೆ ‘ಬಸಿರಿನಲ್ಲಿ ಏರಿದ ತೂಕ ಇಳಿಯಲೇ ಇಲ್ಲ’ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅಂಕಿಗಳು ಬೇರೆಯದನ್ನೇ ಹೇಳಿದವು: ಹೆರಿಗೆಯಾಗಿ ಮೂರು ತಿಂಗಳಿಗೆ ನನ್ನ ಮೈಮೇಲೆ ಹೆಚ್ಚಾಗಿದ್ದ ಒಂಬತ್ತು ಕಿಲೊದಲ್ಲಿ ಅರ್ಧ ಮಾತ್ರ ಬಸಿರಿನದು, ಇನ್ನರ್ಧ ಬಾಣಂತನದ್ದು.

ಮೊದಲಿನ ತೂಕ 61 ಕಿಲೊ, ಎತ್ತರ 158 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹ ದ್ರವ್ಯರಾಶಿ ಸೂಚ್ಯಂಕ 24.4 ಬರುತ್ತದೆ. ಜಗತ್ತಿನ ಸಾಮಾನ್ಯ ಮಾನದಂಡದಲ್ಲಿ 25ರವರೆಗೆ ಸಹಜ ತೂಕವೇ. ಆದರೆ ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ಮತ್ತು ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲಿಯೇ ಕಾಣಿಸಿಕೊಳ್ಳುವುದರಿಂದ ಇಲ್ಲಿಯ ವೈದ್ಯರು 23ನ್ನೇ ಗಡಿಯೆಂದು ಹಿಡಿಯುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ ಸಹಜ ತೂಕದವಳು ಬಸಿರಿನಲ್ಲಿ 11.5ರಿಂದ 16 ಕಿಲೊ, ಹೆಚ್ಚು ತೂಕದವಳು 7ರಿಂದ 11.5 ಕಿಲೊ ಏರಬಹುದು. ನಾನು ಒಂದು ಲೆಕ್ಕದಲ್ಲಿ ಈ ಕಡೆ, ಇನ್ನೊಂದು ಲೆಕ್ಕದಲ್ಲಿ ಆ ಕಡೆ. ನನ್ನ ವೈದ್ಯೆ ಎರಡೂ ಸಾಲುಗಳು ಕೂಡುವ 11.5ರ ಮೇಲೆ ಬೆರಳಿಟ್ಟು, ಇದರ ಆಸುಪಾಸಿನಲ್ಲಿರಲಿ ಎಂದರು.

ಮೊದಲ ಮೂರು ತಿಂಗಳು ವಾಂತಿಯಿಂದ ಒಂದು ಕಿಲೊ ಇಳಿಯಿತು. ಅನ್ನದ ವಾಸನೆಯೇ ಆಗುತ್ತಿರಲಿಲ್ಲ. ಒಣ ಜೋಳದ ರೊಟ್ಟಿ ಮತ್ತು ಮಜ್ಜಿಗೆಯ ಮೇಲೆ ದಿನ ದೂಡಿದೆ. ನಾಲ್ಕನೆಯ ತಿಂಗಳಿಗೆ ಹಸಿವು ತಿರುಗಿ ಬಂದಾಗ ಅದರ ಜೊತೆಯಲ್ಲಿಯೇ ನನ್ನ ಆಯಿಯ (ಅಜ್ಜಿಯ) ಮಾತೂ ಬಂತು: “ಎರಡ ಜೀವದಾಕಿ ಇದ್ದೀ, ಒಬ್ಬಾಕಿ ಉಂಡಂಗ ಉಂಡ್ರ ಹೆಂಗವಾ?” ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿಯಲ್ಲಿ ಗರ್ಭಿಣಿಗೆ ಬೇಕೆಂದು ತೋರಿಸಿರುವುದು ದಿನಕ್ಕೆ ಹೆಚ್ಚಿನ 350 ಕ್ಯಾಲೊರಿ. ಅಂದರೆ ಒಂದು ರೊಟ್ಟಿ, ಒಂದು ಬಟ್ಟಲು ಮೊಳಕೆ ಹೆಸರಿನ ಪಲ್ಯ, ಒಂದು ಲೋಟ ಮಜ್ಜಿಗೆ. ಎರಡನೆಯ ಊಟವಂತೂ ಅಲ್ಲ. ಆಯಿಗೆ ಇದನ್ನು ವಿವರಿಸಲು ಹೋಗಲಿಲ್ಲ. ಆಕೆಯ ಕಾಲದಲ್ಲಿ ಬಸುರಿಯರು ಹೆರುವ ದಿನದವರೆಗೂ ಹೊಲದಲ್ಲಿ ಕಳೆ ಕೀಳುತ್ತ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದರು. ಅಂಥವರಿಗೆ ‘ಎರಡು ಜೀವಕ್ಕೆ ಉಣ್ಣು’ ಎನ್ನುವುದು ಔಷಧಿಯಂಥ ಮಾತು. ಇಂದಿಗೂ ನಮ್ಮ ಕಡೆ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ತೂಕ ಬರೆಯುವಾಗ ಹೆಚ್ಚಾಗಿ ಚಿಂತಿಸುವುದು ತೂಕ ಏರದವರ ಬಗೆಗೆ, ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರುವವರ ಬಗೆಗೆ. ಕುರ್ಚಿಯಲ್ಲಿ ಕುಳಿತು ಉತ್ತರ ಪತ್ರಿಕೆ ತಿದ್ದುವ ನನಗೆ ಆ ಮಾತು ಹೊಂದುತ್ತಿರಲಿಲ್ಲ, ಅಷ್ಟೆ.

ವ್ಯಾಯಾಮದ ಬಗೆಗೆ ನಾನಾಗಿ ಏನನ್ನೂ ಆರಂಭಿಸಲಿಲ್ಲ. ಕೂಸಿಗೆ ಆಹಾರ ಒಯ್ಯುವ ಮಾಸು ಕೆಳಗಿಲ್ಲ, ರಕ್ತಸ್ರಾವವಿಲ್ಲ, ರಕ್ತದೊತ್ತಡ ಸರಿಯಿದೆ, ಗರ್ಭಕೊರಳು ಗಿಡ್ಡವಾಗಿಲ್ಲ ಎಂಬುದನ್ನೆಲ್ಲ ನೋಡಿದ ಮೇಲೆಯೇ ವೈದ್ಯೆ ವಾರಕ್ಕೆ 150 ನಿಮಿಷದ ನಡಿಗೆಗೆ ಒಪ್ಪಿದರು. ವೇಗಕ್ಕೆ ಅವರು ಹೇಳಿಕೊಟ್ಟ ಅಳತೆ ಬಹಳ ಸರಳ: ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರಿನಲ್ಲಿ ಏಳನೆಯ ತಿಂಗಳಿನ ನಂತರ ಮಾತೂ ಕಟ್ಟುತ್ತಿದ್ದುದರಿಂದ ಕೆಲಗೇರಿ ಕೆರೆಯ ಕಡೆಯ ಸಮತಟ್ಟಾದ ದಾರಿಗೆ ಬದಲಾಯಿಸಿದೆ. ಮನೆಯಲ್ಲಿ ಗೋಡೆಗೆ ಕೈಯೂರಿ ಮಾಡುವ ದಂಡ, ಕುರ್ಚಿಯಿಂದ ಕೈಬಿಟ್ಟು ಎದ್ದು ಕೂಡುವುದು, ಮತ್ತು ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಕೆಗೆಲ್ ಅಭ್ಯಾಸ, ಇವು ಮೂರೇ. ಐದನೆಯ ತಿಂಗಳಿನಿಂದ ಅಂಗಾತ ಮಲಗಿ ಮಾಡುವುದನ್ನು ಬಿಟ್ಟೆ, ಏಕೆಂದರೆ ಭಾರವಾದ ಗರ್ಭಕೋಶ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಿಸುತ್ತದೆ. ಒಮ್ಮೆ ಮರೆತು ಮಲಗಿ ಅದರ ರುಚಿಯನ್ನೂ ಕಂಡೆ.

24 ವಾರ ದಾಟಿದ ಮೇಲೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ತಾಸಿನ ನಂತರ ರಕ್ತ ತೆಗೆದರು. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಗರ್ಭಿಣಿಯ ಸಕ್ಕರೆ ಕಾಯಿಲೆಯೆಂದು ಲೆಕ್ಕ; ನನ್ನದು 136. ಉತ್ತೀರ್ಣಳಾದೆನೆಂಬ ಸಮಾಧಾನವನ್ನು ವೈದ್ಯೆ ಉಳಿಸಲಿಲ್ಲ. ಬೆಳಗಿನ ಒಂದೇ ದೊಡ್ಡ ನಡಿಗೆಯನ್ನು ಒಡೆದು, ಪ್ರತಿ ಊಟದ ನಂತರ ಹತ್ತು–ಹದಿನೈದು ನಿಮಿಷ ನಡೆಯಲು ಹೇಳಿದರು. ಉಂಡ ಕೂಡಲೇ ಕಾಲಿನ ಸ್ನಾಯುಗಳು ದುಡಿದರೆ ರಕ್ತದ ಸಕ್ಕರೆಯನ್ನು ಅವೇ ಎಳೆದುಕೊಳ್ಳುತ್ತವೆ. ಈ ಇಡೀ ಅವಧಿಯಲ್ಲಿ ನಾನು ಕಲಿತವುಗಳಲ್ಲಿ ಈವರೆಗೂ ಬಿಡದೆ ಉಳಿದಿರುವ ಅಭ್ಯಾಸ ಇದೊಂದೇ.

ಕುಬಸದ (ಸೀಮಂತದ) ಮರುವಾರ ಪುಸ್ತಕದಲ್ಲಿ ಒಂದೇ ಸಲಕ್ಕೆ 1.2 ಕಿಲೊ ಏರಿತ್ತು. ಹೋಳಿಗೆಯ ಫಲವೆಂದು ನಗುತ್ತ ಹೇಳಿದೆ. ವೈದ್ಯೆ ನಗದೆ ರಕ್ತದೊತ್ತಡ ನೋಡಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿದರು. ಕೊನೆಯ ತಿಂಗಳುಗಳಲ್ಲಿ ತೂಕ ಹಠಾತ್ತನೆ ಏರಿದರೆ ಅದು ಕೊಬ್ಬಲ್ಲದೆ ಮೈಯಲ್ಲಿ ನಿಂತ ನೀರಾಗಿರಬಹುದು. ಅದರ ಜೊತೆಗೆ ಒತ್ತಡವೂ ಏರಿದ್ದರೆ ತಾಯಿಗೂ ಕೂಸಿಗೂ ಗಂಡಾಂತರ. ನನ್ನದು ನಿಜವಾಗಿಯೂ ಹೋಳಿಗೆಯೇ ಆಗಿತ್ತು.

39ನೆಯ ವಾರದಲ್ಲಿ ತೂಕ 72.5. ಇಷ್ಟೆಲ್ಲ ನಡೆದರೂ, ಹೆರಿಗೆಯ ನಡುವೆ ಕೂಸಿನ ಎದೆಬಡಿತ ಇಳಿದದ್ದರಿಂದ ಸಿಸೇರಿಯನ್ ಆಯಿತು. ನಡೆದವಳಿಗೆ ಸಾದಾ ಹೆರಿಗೆ ಖಚಿತ ಎನ್ನುವವರ ಮಾತನ್ನು ನಾನೂ ಅರ್ಧ ನಂಬಿದ್ದೆ, ಅದು ನಿಜವಲ್ಲ. ಆದರೆ ಮರುದಿನ ದಾದಿ ಎಬ್ಬಿಸಿ ನಿಲ್ಲಿಸಿದಾಗ ಕಾಲುಗಳು ಹಿಡಿದು ನಿಂತವು, ಅದಕ್ಕೆ ಆ ನಡಿಗೆಯೇ ಕಾರಣವೆಂದು ನನ್ನ ನಂಬಿಕೆ.

ಮಗಳ ತೂಕ 2.9 ಕಿಲೊ. ಅದರ ಜೊತೆಗೆ ಮಾಸು ಮುಕ್ಕಾಲು ಕಿಲೊದಷ್ಟು, ಸುತ್ತಲಿನ ನೀರು ಅಷ್ಟೇ, ಹೋದ ರಕ್ತ. ಆಸ್ಪತ್ರೆಯಿಂದ ಬಂದ ದಿನ 67.5 ಇತ್ತು. ಆಮೇಲಿನ ಎರಡು ವಾರ ಮೈಯಲ್ಲಿ ಕೂಡಿದ್ದ ನೀರು ಬೆವರಾಗಿ, ಮೂತ್ರವಾಗಿ ಇಳಿದು 65.5ಕ್ಕೆ ಬಂತು. ಮೊದಲಿನ ತೂಕಕ್ಕಿಂತ ನಾಲ್ಕೂವರೆ ಕಿಲೊ ಮಾತ್ರ ಹೆಚ್ಚು. ಇಲ್ಲಿಗೇ ನಿಂತಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ.

ಮುಂದಿನ ಹತ್ತು ವಾರಗಳ ಪುಟಗಳು ಏರುತ್ತಲೇ ಹೋಗುತ್ತವೆ. ಬೆಳಿಗ್ಗೆ ಅಳವಿ ಬೀಜದ ಪಾಯಸ, ಹತ್ತು ಗಂಟೆಗೆ ರವೆಯ ಸಿಹಿ ಸಜ್ಜಕ, ಮಧ್ಯಾಹ್ನ ಬಿಸಿ ರೊಟ್ಟಿಯ ಮೇಲೆ ಹರಿಯುವಷ್ಟು ತುಪ್ಪ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ, ಸಂಜೆ ಅಂಟಿನ ಉಂಡಿ, ರಾತ್ರಿ ಹಾಲಿನೊಡನೆ ಮತ್ತೊಂದು. ಎಣ್ಣೆ ಹಚ್ಚಿ ಎರೆದ ಮೇಲೆ ಹೊರಸಿನ ಕೆಳಗೆ ಕೆಂಡ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೆಯ ಸೀರೆ, ಕೂಸಿಗೆ ಹಾಲು ಕುಡಿಸುವುದನ್ನು ಬಿಟ್ಟರೆ ಮಲಗುವುದೇ ಕೆಲಸ. ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ಬಾದಾಮಿ, ತುಪ್ಪ ಕೂಡಿದ ಆ ಉಂಡಿಯನ್ನು ಒಂದು ದಿನ ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿಟ್ಟೆ: 45 ಗ್ರಾಂ. ನನ್ನ ಲೆಕ್ಕದಲ್ಲಿ ಒಂದಕ್ಕೆ 200 ಕ್ಯಾಲೊರಿಗೆ ಕಡಿಮೆಯಿಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ಬೇಕಾದ ಹೆಚ್ಚಳ ದಿನಕ್ಕೆ 600 ಕ್ಯಾಲೊರಿ. ಅದರ ಮೂರರಲ್ಲಿ ಎರಡು ಪಾಲನ್ನು ಎರಡು ಉಂಡಿಗಳೇ ತುಂಬಿಬಿಡುತ್ತಿದ್ದವು, ಉಳಿದ ಪಾಯಸ, ಸಜ್ಜಕ, ತುಪ್ಪಗಳೆಲ್ಲ ಬಂದು ಕೂಡಲು ಮೈಯಲ್ಲಿ ಜಾಗ ಹುಡುಕುತ್ತಿದ್ದವು. ಮೂರು ತಿಂಗಳು ತುಂಬಿದ ಭಾನುವಾರ ತೂಕ 70.

ಇದಕ್ಕಾಗಿ ನಾನು ಅವ್ವನನ್ನು ದೂರುವುದಿಲ್ಲ. ಬಾಣಂತನದ ಊಟದಲ್ಲಿ ಒಳ್ಳೆಯದು ಬಹಳವಿದೆ. ಅಳವಿಯಲ್ಲಿ ಕಬ್ಬಿಣವಿದೆ, ಸೊಪ್ಪು ದಿನವೂ ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಬಾಣಂತಿಗೆ ಒಬ್ಬರು ಬಿಸಿಯಾಗಿ ಬಡಿಸುತ್ತಾರೆ. ನಾನು ವಿರೋಧಿಸಿದ್ದು ಎರಡನ್ನು. ಒಂದು, ನೀರು ಕಡಿಮೆ ಕುಡಿಯಬೇಕೆಂಬುದು. ಹಾಲು ಕುಡಿಸುವಾಗಲೇ ಗಂಟಲು ಒಣಗುತ್ತಿರುವಾಗ ಅದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಎರಡು, ನಲವತ್ತು ದಿನ ಏಳಬಾರದೆಂಬುದು. ಹೆರಿಗೆಯ ನಂತರ, ಅದರಲ್ಲಿಯೂ ಶಸ್ತ್ರಚಿಕಿತ್ಸೆಯ ನಂತರ, ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಪಡಸಾಲೆಯಲ್ಲಿ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಓಡಾಡಿದೆ. ಹೊಟ್ಟೆಗೆ ಕಟ್ಟಿದ ಸೀರೆ ಕೆಮ್ಮುವಾಗ ಹೊಲಿಗೆಗೆ ಆಸರೆ ಕೊಟ್ಟದ್ದು ನಿಜ, ಆದರೆ ಅದು ಕೊಬ್ಬನ್ನು ಕರಗಿಸುವುದಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಮೊದಲು ಹೋದದ್ದು ಫಿಸಿಯೋಥೆರಪಿಸ್ಟ್ ಬಳಿಗೆ. ಮೊಣಕಾಲು ಮಡಿಸಿ ಮಲಗಿ ತಲೆಯನ್ನು ಮಾತ್ರ ಎತ್ತಿದಾಗ ಹೊಕ್ಕಳಿನ ಮೇಲೆ ನಡುಗೆರೆಯಲ್ಲಿ ಮೂರು ಬೆರಳು ಇಳಿಯುತ್ತಿದ್ದವು; ಬಸಿರಿನಲ್ಲಿ ಹೊಟ್ಟೆಯ ಎರಡು ನೇರ ಸ್ನಾಯುಗಳು ದೂರ ಸರಿದು ಮತ್ತೆ ಕೂಡಿರಲಿಲ್ಲ. ಎರಡು ಬೆರಳಿಗಿಂತ ಹೆಚ್ಚಿದ್ದರೆ, ಹೊಟ್ಟೆ ಕರಗಿಸಲೆಂದು ಎಲ್ಲರೂ ಮಾಡುವ, ಮಲಗಿದಲ್ಲಿಂದ ಎದ್ದು ಬಗ್ಗುವ ಕಸರತ್ತು ಸದ್ಯಕ್ಕೆ ಬೇಡವೆಂದರು. ನಾನು ಬರುವ ಮುಂಚಿನ ವಾರ ಅದನ್ನೇ ದಿನಕ್ಕೆ ಮೂವತ್ತು ಸಲ ಮಾಡಿ, ಹೊಟ್ಟೆಯ ನಡುವೆ ಗೋಪುರದಂತೆ ಉಬ್ಬುವುದನ್ನು ಕೊಬ್ಬೆಂದು ಭಾವಿಸಿದ್ದೆ. ಅವರು ಕೊಟ್ಟದ್ದು ಬೇಸರ ಬರುವಷ್ಟು ಸಣ್ಣ ಕೆಲಸ: ಉಸಿರು ಬಿಡುತ್ತ ಹೊಕ್ಕಳನ್ನು ಒಳಗೆಳೆಯುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುವುದು, ಸೊಂಟವನ್ನು ಸೇತುವೆಯಂತೆ ಎತ್ತುವುದು, ಮತ್ತೆ ಕೆಗೆಲ್. ಎರಡೂವರೆ ತಿಂಗಳಲ್ಲಿ ಮೂರು ಬೆರಳು ಒಂದೂವರೆಗೆ ಬಂತು. ಅಷ್ಟರಲ್ಲಿ ತೂಕ ಇಳಿದದ್ದು ಎರಡು ಕಿಲೊ, ಆದರೆ ಬೆನ್ನುನೋವು ಹೋಯಿತು, ಸೀನಿದಾಗ ಮೂತ್ರ ಸೋರುವುದು ನಿಂತಿತು. ಹೆಂಗಸರು ಯಾರಿಗೂ ಹೇಳದೆ ನುಂಗಿಕೊಳ್ಳುವ ತೊಂದರೆ ಇದು. ಅದಕ್ಕೆ ಚಿಕಿತ್ಸೆಯಿದೆ ಎಂಬುದನ್ನಾದರೂ ಬರೆಯಬೇಕೆನಿಸಿತು.

180 ದಿನದ ರಜೆ ಮುಗಿಸಿ ಶಾಲೆಗೆ ಹೋಗತೊಡಗಿದ ಮೇಲೆ ನಿಜವಾದ ಇಳಿಕೆ ಆರಂಭವಾಯಿತು. ಉಪವಾಸ ಮಾಡಲಿಲ್ಲ, ಒಂದು ಹೊತ್ತಿನ ಊಟವನ್ನೂ ಬಿಡಲಿಲ್ಲ. ಹಾಲು ಕುಡಿಸುವವಳಿಗೆ ಅದು ಸಲ್ಲದು. ಉಂಡಿ ಮತ್ತು ಸಜ್ಜಕ ನಿಂತವು, ತುಪ್ಪ ಒಂದು ಚಮಚಕ್ಕೆ ಇಳಿಯಿತು, ಮೂರು ರೊಟ್ಟಿ ಎರಡಾಯಿತು, ಬಿಟ್ಟ ಜಾಗಕ್ಕೆ ಮಡಿಕೆ ಕಾಳಿನ ಪಲ್ಯ, ಮೊಸರು ಮತ್ತು ದಿನಕ್ಕೊಂದು ಮೊಟ್ಟೆ ಬಂದವು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ಮಾತ್ರ ಅಳೆಯಲು ಮನಸ್ಸಾಗಲಿಲ್ಲ. ಐದು ಲೀಟರಿನ ಎರಡು ಎಣ್ಣೆ ಕ್ಯಾನುಗಳಿಗೆ ನೀರು ತುಂಬಿ ವಾರಕ್ಕೆ ಮೂರು ದಿನ ಎತ್ತಿದೆ. ನೀರಿನ ಪ್ರಮಾಣವನ್ನು ತಿಂಗಳಿಗಿಷ್ಟು ಏರಿಸುವುದು ಸುಲಭ, ಖರ್ಚೂ ಇಲ್ಲ.

66ಕ್ಕೆ ಬಂದು ತೂಕ ಹತ್ತು ವಾರ ಅಲುಗಾಡಲಿಲ್ಲ. ಕೂದಲೂ ಉದುರುತ್ತಿದ್ದುದರಿಂದ ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಏಕೆಂದರೆ ಹೆರಿಗೆಯ ನಂತರದ ವರ್ಷದಲ್ಲಿ ಕೆಲವರಿಗೆ ಆ ಗ್ರಂಥಿ ಕೆಡುತ್ತದೆ, ಸರಿಯಿತ್ತು. ಕಾರಣ ತಟ್ಟೆಯಲ್ಲಿತ್ತು. ಮಗಳಿಗೆ ಆರು ತಿಂಗಳು ತುಂಬಿ ರಾಗಿ ಸರಿ, ಬಾಳೆಹಣ್ಣು, ತುಪ್ಪದ ಅನ್ನ ಆರಂಭವಾಗಿತ್ತು, ಆಕೆ ಬಿಟ್ಟದ್ದನ್ನೆಲ್ಲ ಚೆಲ್ಲಬಾರದೆಂದು ನಾನೇ ಮುಗಿಸುತ್ತಿದ್ದೆ. ಜೊತೆಗೆ ರಾತ್ರಿ ಮೂರು ಸಲ ಎದ್ದವಳಿಗೆ ಮರುದಿನ ಶಾಲೆಯಲ್ಲಿ ಚಹಾದೊಡನೆ ಬಿಸ್ಕತ್ತು ಬೇಕೇ ಬೇಕು. ರಾತ್ರಿಯ ಒಂದು ಸರದಿಯನ್ನು ಯಜಮಾನರಿಗೆ ವಹಿಸಿದೆ, ಕೂಸಿನ ತಟ್ಟೆಗೆ ಬಡಿಸುವುದನ್ನೇ ಅರ್ಧ ಮಾಡಿದೆ. ಈ ಎರಡರಿಂದ ತೂಕ ಮತ್ತೆ ಜರುಗಿತು. ಯಾವ ಹೊಸ ಕಸರತ್ತಿನಿಂದಲೂ ಅಲ್ಲ.

ಮೂರನೆಯ ತಿಂಗಳಿನ 70ರಿಂದ ಹದಿನಾಲ್ಕನೆಯ ತಿಂಗಳಿನ 62ರವರೆಗೆ ಹನ್ನೊಂದು ತಿಂಗಳು. ಸರಾಸರಿ ತಿಂಗಳಿಗೆ ಮುಕ್ಕಾಲು ಕಿಲೊಗೂ ಸ್ವಲ್ಪ ಕಡಿಮೆ. ಕೊನೆಯ ಒಂದು ಕಿಲೊ ಹೋಗಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ಸೊಂಟದ ಅಳತೆ ಮೊದಲಿಗಿಂತ ಎರಡು ಸೆಂಟಿಮೀಟರ್ ಹೆಚ್ಚಾಗಿಯೇ ಉಳಿದದ್ದರಿಂದ ರವಿಕೆಗಳ ಒಳಹೊಲಿಗೆ ಬಿಚ್ಚಿಸಿದೆ. 136 ಎಂಬ ಅಂಕಿಯನ್ನು ಮರೆಯದೆ ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ನೋಡಿಸುತ್ತೇನೆ, ರಾತ್ರಿಯ ಊಟವಾದ ಮೇಲೆ ಮಗಳ ಕೈಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತೇನೆ.