ಉಪ್ಪಾಗೆ, ಮಿಡಿ, ಕಗ್ಗ: ಕಾಡು ಕೆಡಿಸದೆ ಮಾಲು ಕೊಳ್ಳುವುದು ಹೇಗೆ

ಉಪ್ಪಿನಕಾಯಿ, ಕೋಕಂ ಜ್ಯೂಸ್, ಮಸಾಲೆ ಮಾರುವ ಕಂಪನಿಗಳು ಜೂನ್ 5 ಬಂತೆಂದರೆ ಸಾಲಾಗಿ ನಿಂತು ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತವೆ. ನೆಡಲಿ ಬಿಡಿ, ಬೇಡ ಅಂದವರು ಯಾರು? ಆದರೆ ನಮ್ಮ ಶಿರಸಿ ಕಡೆ ಒಂದು ಮರ ಉಳಿಯುತ್ತದೋ ಉರುಳುತ್ತದೋ ಅನ್ನುವುದು ಜಾಸ್ತಿ ನಿಂತಿರುವುದು ನಿಮ್ಮ ಖರೀದಿ ಮ್ಯಾನೇಜರ್ ಬರೆಯುವ ಆರ್ಡರಿನ ಮೇಲೆ. ಮಾಲು ಯಾವ ದಿನದಿಂದ ಬೇಕು, ಎಷ್ಟು ದಪ್ಪ ಇರಬೇಕು, ದುಡ್ಡು ಯಾವಾಗ ಕೈಗೆ ಬರುತ್ತದೆ. ಈ ಮೂರೇ ವಿಷಯ. ಹಾಗಾಗಿ ಇದನ್ನು ಆ ಮ್ಯಾನೇಜರಿಗೇ ಬರೆಯುತ್ತಿದ್ದೇನೆ.

ಉಪ್ಪಾಗೆಯಿಂದ ಶುರು ಮಾಡೋಣ. ಇದು ಕೋಕಂ ಜಾತಿಯ, ಹುಳಿ ಹಣ್ಣಿನ ಕಾಡುಮರ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಆಮ್ಲ ತೂಕ ಇಳಿಸುವ ಮಾತ್ರೆಗೆ ಬೇಕು ಎಂದು ಹೊರದೇಶದಿಂದ ಬೇಡಿಕೆ ಬಂತು, ದರ ಏರಿತು. ಕಾಡಿನ ಹಣ್ಣಿಗೆ ಯಜಮಾನ ಯಾರು? ಹಣ್ಣಾಗಲಿ ಎಂದು ನಾನು ಕಾದರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಬಂದು ಕೊಯ್ದುಕೊಂಡು ಹೋಗಿರುತ್ತಾನೆ, ಹಾಗಾಗಿ ಎಲ್ಲರೂ ಕಾಯಿ ಇದ್ದಾಗಲೇ, ಟೊಂಗೆ ಸಮೇತ ಕಡಿದು ಕೊಯ್ಯಲು ನಿಂತರು. ಅದೇ ಹಣ್ಣು ಸಿಂಗಳೀಕದ ಊಟ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಆದರೆ ಕಾಯಿಗೆ ದರ ಇರುವ ತನಕ ಬೋರ್ಡು ಏನು ಮಾಡೀತು?

ಹಾಗಾದರೆ ಕಂಪನಿ ಏನು ಮಾಡಬೇಕು? ಖರೀದಿ ತೆರೆಯುವ ತಾರೀಖನ್ನು ನೀವೇ ಘೋಷಿಸಿ. ಗ್ರಾಮ ಅರಣ್ಯ ಸಮಿತಿಯವರ ಜೊತೆ ಕೂತು, ಈ ವರ್ಷ ಹಣ್ಣು ಯಾವಾಗ ಹಳದಿಯಾಗುತ್ತದೆ ಎಂದು ಕೇಳಿ, ಆ ದಿನಕ್ಕಿಂತ ಮೊದಲು ಯಾರಿಂದಲೂ, ಎಷ್ಟು ಅಗ್ಗಕ್ಕೆ ಕೊಟ್ಟರೂ, ಒಂದು ಕಿಲೋ ಕೂಡ ಕೊಳ್ಳಬೇಡಿ. ಹಣ್ಣಿನ ಸಿಪ್ಪೆಗೆ ಒಂದು ದರ, ಕಾಯಿ ಸಿಪ್ಪೆಗೆ ವಾಪಸ್ ದಾರಿ. ಗುರುತು ಹಿಡಿಯುವುದು ಹೇಗೆ ಅಂದರೆ, ಊರಿನ ಯಾವ ಅಜ್ಜಿಯನ್ನು ಕೇಳಿದರೂ ಮುಟ್ಟಿ ನೋಡಿ ಹೇಳುತ್ತಾಳೆ.

ಇನ್ನೊಂದು ತೊಂದರೆ ಒಣಗಿಸುವುದರಲ್ಲಿದೆ. ಮುರುಗಲು, ಅಂದರೆ ಕೋಕಂ, ಬೇಸಿಗೆಯಲ್ಲಿ ಹಣ್ಣಾಗುತ್ತದೆ, ಬಿಸಿಲು ಸಿಗುತ್ತದೆ. ಉಪ್ಪಾಗೆ ಮಳೆಗಾಲದ್ದು. ನಮ್ಮ ಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಸಿಪ್ಪೆ! ಬೆಂಕಿ ಹಾಕಲೇಬೇಕು, ಸೌದೆ ಅದೇ ಕಾಡಿನಿಂದ ಬರಬೇಕು. ಆದ್ದರಿಂದ ಗಿಡ ನೆಡುವ ದುಡ್ಡಿನಲ್ಲಿ ಅರ್ಧ ತೆಗೆದು ಊರಿಗೊಂದು, ಕಡಿಮೆ ಸೌದೆ ತಿನ್ನುವ ಡ್ರೈಯರ್ ಹಾಕಿಸಿ. ಹಾಂ, ಬೀಜದಿಂದ ತುಪ್ಪ ಬರುತ್ತದೆ ಎಂದು ಗೊತ್ತಾದ ಕೂಡಲೇ ಅದನ್ನೂ ಪೂರ್ತಿ ಬಾಚಿಕೊಳ್ಳುವ ಉತ್ಸಾಹ ಬೇಡ. ಕಾಡಿಗೂ ಒಂದು ಪಾಲು ಬೀಜ ಬೇಕು, ಅಲ್ವಾ?

ಈಗ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು. 2009ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿತು, ಹೆಸರು ಬಂತು, ಮರಕ್ಕೆ ಕಾವಲೇನೂ ಬರಲಿಲ್ಲ. ನಮ್ಮ ಮನೆಯ ಕೆಳಗೆ ಹೊಳೆದಂಡೆಯಲ್ಲಿ ಒಂದು ಮರ ಇತ್ತು. ಒಂದು ವರ್ಷ ವ್ಯಾಪಾರಿಯೊಬ್ಬನ ಜನ ಬಂದು, ಸಂಜೆಯೊಳಗೆ ಲೋಡ್ ಆಗಬೇಕೆಂದು ಟೊಂಗೆಗಳನ್ನೇ ಕೆಡವಿ ಕೆಳಗೆ ಕೂತು ಮಿಡಿ ಬಿಡಿಸಿದರು. ಆಮೇಲೆ ಮೂರು ವರ್ಷ ಆ ಮರ ಮಿಡಿ ಬಿಡಲಿಲ್ಲ. ಆರ್ಡರಿನಲ್ಲಿ 'ಒಂದೇ ಸೈಜು, ಒಂದೇ ವಾರ' ಎಂದು ಬರೆದರೆ ಆಗುವುದು ಇದೇ. ಮೂರ್ನಾಲ್ಕು ವಾರ ಕೊಡಿ. ಮರ ಹತ್ತಿ ತೊಟ್ಟು ಸಮೇತ ಕೊಯ್ದವನಿಗೆ ಕೊಯ್ಲಿನ ಕೂಲಿ ಬೇರೆ ಕೊಡಿ, ಮಿಡಿಯ ದರದಲ್ಲಿ ಸೇರಿಸಬೇಡಿ.

ಒಂದೊಂದು ಮರದ ಪರಿಮಳ ಬೇರೆ, ಸೊನೆ ಬೇರೆ, ಉಪ್ಪುನೀರಿನಲ್ಲಿ ಬಾಳಿಕೆ ಬೇರೆ. ಎಲ್ಲ ಮಿಡಿಯನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಈ ಬೇರೆತನಕ್ಕೆ ಬೆಲೆಯೇ ಇಲ್ಲ. ಅನಂತಭಟ್ಟನ ಅಪ್ಪೆ ಎಂದು ತಳಿಯ ಹೆಸರು ಹಾಕಿ ಮಾರಿದರೆ ಜನ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ, ಉಳಿದ ತಳಿಗಳಿಗೂ ಹಾಗೇ ಮಾಡಿ. ಕಸಿ ಗಿಡ ಹಂಚುವುದಾದರೆ ಒಂದೇ ಮರದ ಕುಡಿಯಿಂದ ಸಾವಿರ ಗಿಡ ಮಾಡಿಸಬೇಡಿ. ಇಪ್ಪತ್ತು ಮರಗಳ ಕುಡಿ ತರಿಸಿ.

ತೋಟದ ಮಾಲಿಗೆ ಒಂದೇ ಮಾತು. ಅಡಿಕೆ ತೋಟದಲ್ಲಿ ಕಾಳುಮೆಣಸು, ಬಾಳೆ, ಏಲಕ್ಕಿ ಎಲ್ಲ ಇರುತ್ತದೆ, ಅದಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಬರುವುದು ಮೇಲಿನ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆಂದು ಬಿಟ್ಟ ಕಾಡಿನಿಂದ. ನೀವು ಮೆಣಸು ಮಾತ್ರ ಕೊಂಡರೆ ರೈತ ಉಳಿದದ್ದನ್ನು ಕಿತ್ತು ಮೆಣಸೇ ಹಾಕುತ್ತಾನೆ, ಅವನ ತಪ್ಪಲ್ಲ. ಒಂದೇ ತೋಟದಿಂದ ಮೂರು ಮಾಲು ಕೊಳ್ಳಿ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ನಾಳೆಯಿಂದಲೇ ನಿಲ್ಲಿಸಿ ಎಂದು ಉಪದೇಶ ಮಾಡಲು ಮಾತ್ರ ಹೋಗಬೇಡಿ. ಆಗಸ್ಟಿನಲ್ಲಿ ಕೊಳೆ ರೋಗ ಬಂದ ತೋಟ ಒಮ್ಮೆ ನೋಡಿ, ಆಮೇಲೆ ಮಾತಾಡೋಣ.

ಘಟ್ಟ ಇಳಿದರೆ ಕುಮಟಾದ ಗಜನಿ ಗದ್ದೆಗಳು, ಅಂದರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಗಳು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಅಲ್ಲಿಯದು. ಮಾಣಿಕಟ್ಟಾ ಕಡೆ ಊರವರು ಸೇರಿ ಬೆಳೆಯುತ್ತಾರೆ. ಗೊಬ್ಬರ ಬೇಡ, ಔಷಧ ಬೇಡ, ಉಬ್ಬರದ ನೀರೇ ಹೂಳು ತರುತ್ತದೆ. ಕೊಯ್ಲಾದ ಮೇಲೆ ಉಳಿದ ಕೂಳೆ ಮೀನು, ಸಿಗಡಿಗೆ ಆಸರೆ. ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು, ಆದರೆ ಎಷ್ಟೋ ಗಜನಿ ಯಾವತ್ತೋ ಸಿಗಡಿ ಕೆರೆ ಆಗಿಹೋಗಿವೆ, ದುಡ್ಡು ಅದರಲ್ಲೇ ಇತ್ತಲ್ಲ. ಕಗ್ಗದ ಅಕ್ಕಿ ಕೆಂಪು. ಅದನ್ನು ಪಾಲಿಶ್ ಮಾಡಿ ಬೆಳ್ಳಗೆ ಕೊಡಿ ಎಂದು ಕೇಳಬೇಡಿ. ಬಿತ್ತನೆಗೆ ಮೊದಲೇ ದರ ಮಾತಾಡಿ, ಮುಂಗಡ ಕೊಡಿ. ಉಪ್ಪುನೀರು ನುಗ್ಗಿ ಬೆಳೆ ಹೋದರೆ ಆ ಮುಂಗಡ ವಾಪಸ್ ಕೇಳುವುದಿಲ್ಲ ಎಂದು ಬರೆದುಕೊಡಿ. ಇಲ್ಲದಿದ್ದರೆ ಅದು ಸುಮ್ನೆ ಸಾಲ.

ಕಾಗದದ ಕೆಲಸವೂ ಇದೆ. ಕಾಡಿನ ಮಾಲನ್ನು ವ್ಯಾಪಾರಕ್ಕೆ ಬಳಸುವ ಕಂಪನಿ 2002ರ ಜೀವವೈವಿಧ್ಯ ಕಾಯ್ದೆಯಡಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯಲ್ಲಿ ಊರಿನ ಗಿಡಮರ, ತಳಿಗಳ ದಾಖಲೆ ಪುಸ್ತಕ ಇರುತ್ತದೆ, ತೆಗೆಸಿ ಓದಿ. ಸಾವಯವ ಪ್ರಮಾಣಪತ್ರಕ್ಕೆ ಸಣ್ಣ ರೈತನನ್ನು ದುಬಾರಿ ಏಜೆನ್ಸಿಗೆ ಅಲೆಸಬೇಡಿ, ಐದು ಜನ ಸೇರಿದರೆ ಪಿಜಿಎಸ್ ಗುಂಪು, ಅಂದರೆ ರೈತರೇ ಒಬ್ಬರ ತೋಟ ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಗುಂಪು, ಆಗುತ್ತದೆ.

ಬರುವುದಾದರೆ ಜನವರಿಯಲ್ಲಿ ಬನ್ನಿ, ಮಿಡಿ ಬಿಡುವ ಮೊದಲು. ಮಾರ್ಚಿನಲ್ಲಿ ಗಾಡಿ ತಂದು ನಿಲ್ಲಿಸಿದರೆ ಯಾವ ಮರದ ಮಿಡಿ ಎಂದು ಕೇಳಲು ನಿಮಗೂ ಪುರುಸೊತ್ತಿರುವುದಿಲ್ಲ, ಹೇಳಲು ನಮಗೂ ಇರುವುದಿಲ್ಲ.