ಮೆಟ್ಟುಗತ್ತಿಯ ಮುಂದೆ ಕುಳಿತು ಕಲಿತ ಪ್ರಾಡಕ್ಟ್ ಡಿಸೈನ್

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಕಂಪ್ಯೂಟರಿನಲ್ಲಿ ಕ್ಯಾಡ್ ಡ್ರಾಯಿಂಗ್ ಮಾಡುತ್ತಿದ್ದಾಗ, ನನ್ನ ಮೇಜಿಗೆ ಬರುತ್ತಿದ್ದ ಪ್ರತಿಯೊಂದು ಬಿಡಿಭಾಗದ ಅಳತೆಯೂ ಮೊದಲೇ ನಿಗದಿಯಾಗಿರುತ್ತಿತ್ತು. ರಂಧ್ರ 12 ಮಿಲಿಮೀಟರ್ ಎಂದಿದ್ದರೆ 12 ಎಂದೇ ಬರೆಯಬೇಕು. ಅದು ಏಕೆ 12, ಅದನ್ನು 14 ಮಾಡಿದರೆ ಯಾರಿಗೆ ಏನು ತೊಂದರೆ ಎಂದು ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ಅಳತೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯುವ ಹಂಬಲದಿಂದಲೇ ನಾನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡೆಸ್. (ಮಾಸ್ಟರ್ ಆಫ್ ಡಿಸೈನ್) ಕೋರ್ಸಿಗೆ ಅರ್ಜಿ ಹಾಕಿದೆ. ಎರಡು ವರ್ಷದ ಆ ಸ್ನಾತಕೋತ್ತರ ಓದನ್ನು ಆಗ ನಡೆಸುತ್ತಿದ್ದ ವಿಭಾಗದ ಹೆಸರು ಸೆಂಟರ್ ಫಾರ್ ಪ್ರಾಡಕ್ಟ್ ಡಿಸೈನ್ ಅಂಡ್ ಮ್ಯಾನುಫ್ಯಾಕ್ಚರಿಂಗ್; ಎಲ್ಲರ ಬಾಯಲ್ಲೂ ಅದು ಸಿಪಿಡಿಎಂ.

ವಿನ್ಯಾಸ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ 1961ರಲ್ಲಿ ಆರಂಭವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಅಥವಾ 1969ರಲ್ಲಿ ಹುಟ್ಟಿದ ಮುಂಬಯಿ ಐಐಟಿಯ ವಿನ್ಯಾಸ ವಿಭಾಗ ಐಡಿಸಿ ನೆನಪಾಗುತ್ತದೆ. ನಾನು ಆರಿಸಿಕೊಂಡ ಓದಿನಲ್ಲಿ ವಿನ್ಯಾಸದ ಪಕ್ಕದಲ್ಲೇ ಎಂಜಿನಿಯರಿಂಗ್ ಕೂಡ ಅಷ್ಟೇ ತೂಕದಿಂದ ಕುಳಿತಿರುತ್ತದೆ. ವಸ್ತುವಿನ ರೂಪವನ್ನು ಚಿತ್ರಿಸಿದವನೇ ಅದರ ಗೋಡೆಯ ದಪ್ಪವನ್ನೂ ಲೆಕ್ಕ ಹಾಕಬೇಕು, ಅದನ್ನು ಯಾವ ಯಂತ್ರದಲ್ಲಿ ತಯಾರಿಸುವುದೆಂದೂ ಹೇಳಬೇಕು.

ಎಂಜಿನಿಯರಿಂಗ್ ಪದವೀಧರರು ಬರೆಯುವ ಗೇಟ್ ಪರೀಕ್ಷೆಯ ಅಂಕದ ಮೇಲೆ ನನಗೆ ಕರೆ ಬಂದಿತು. ಮುಂಬಯಿ ಐಐಟಿ ನಡೆಸುವ ವಿನ್ಯಾಸದ ಪ್ರವೇಶ ಪರೀಕ್ಷೆ ಸೀಡ್‌ನ ಮೂಲಕ ಬಂದವರೂ ನಮ್ಮೊಂದಿಗಿದ್ದರು. ಸಂದರ್ಶನದ ಜೊತೆಗೆ ವಿನ್ಯಾಸದ ಅಭಿರುಚಿಯನ್ನು ನೋಡುವ ಪರೀಕ್ಷೆಯೂ ಇರುವುದರಿಂದ, ಚಿತ್ರ ಬರೆಯಲು ಬಾರದ ನಾನು ನಾಲ್ಕು ತಿಂಗಳು ದಿನಕ್ಕೊಂದು ವಸ್ತುವನ್ನು ಎದುರಿಗಿಟ್ಟುಕೊಂಡು ಬರೆದೆ. ಮೊದಲ ವಾರವೆಲ್ಲ ಸ್ಟೀಲ್ ಲೋಟದಲ್ಲೇ ಕಳೆಯಿತು. ಲೋಟದ ಬಾಯಿಯನ್ನೂ ತಳವನ್ನೂ ಒಂದೇ ಬಗೆಯ ಅಂಡಾಕಾರದಲ್ಲಿ ಬರೆಯುತ್ತಿದ್ದೆ, ಲೋಟ ಸೊಟ್ಟಗೆ ಕಾಣುತ್ತಿತ್ತು. ಮೇಲಿನಿಂದ ನೋಡುವಾಗ ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅಂಡಾಕಾರ ಹೆಚ್ಚು ದುಂಡಗಾಗುತ್ತದೆ, ಆದ್ದರಿಂದ ತಳದ ಅಂಡಾಕಾರ ಬಾಯಿಯದಕ್ಕಿಂತ ತುಂಬಿಕೊಂಡಿರಬೇಕು ಎಂಬುದು ಆರನೆಯ ದಿನ ಹೊಳೆಯಿತು. ಈ ಓದಿಗೆ ಬರಬೇಕೆನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೋಚಿಂಗ್‌ಗೆ ಸೇರುವ ಮೊದಲು ಹೀಗೆ ಮನೆಯ ಪಾತ್ರೆಗಳನ್ನು ಬರೆಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ಬರೆಯುತ್ತಾ ಹೋದಂತೆ ಕಣ್ಣು ವಸ್ತುವಿನಲ್ಲಿ ತಾಳ್ಮೆಯಿಂದ ನಿಲ್ಲುತ್ತದೆ, ಮುಂದೆ ಬೇಕಾಗುವುದು ಅದೇ.

ಮೊದಲ ಸೆಮಿಸ್ಟರಿನಲ್ಲಿ ರೇಖೆ, ರೂಪ, ಬಣ್ಣಗಳ ಅಭ್ಯಾಸ, ಕಾಗದ ಮತ್ತು ಥರ್ಮೋಕೋಲಿನ ಮಾದರಿಗಳು, ಕಂಪ್ಯೂಟರ್ ಮಾಡೆಲಿಂಗ್, ವಸ್ತುಗಳು ಮತ್ತು ತಯಾರಿಕೆ ಎಲ್ಲವೂ ಒಟ್ಟಿಗೇ ಬಂದವು. ಪ್ಲಾಸ್ಟಿಕ್ ಅಚ್ಚಿನಿಂದ ಭಾಗವು ಸಲೀಸಾಗಿ ಹೊರಬರಲು ಅದರ ಗೋಡೆಗೆ ಒಂದೆರಡು ಡಿಗ್ರಿ ಇಳಿಜಾರು ಕೊಡಬೇಕು, ಒಳಗಿನ ಆಸರೆಪಟ್ಟಿ ಗೋಡೆಯಷ್ಟೇ ದಪ್ಪವಿದ್ದರೆ ಹೊರಮೈಯಲ್ಲಿ ಕುಳಿ ಬೀಳುತ್ತದೆ ಎಂಬಂಥ ಪಾಠಗಳನ್ನು ನಾನು ಬಕೆಟ್, ಮಿಕ್ಸಿ, ಸ್ವಿಚ್ಚುಗಳನ್ನು ತಿರುಗಿಸಿ ನೋಡುತ್ತಾ ಮನನ ಮಾಡಿಕೊಂಡೆ. ಮತಯಂತ್ರದಲ್ಲಿ ಗುಂಡಿ ಒತ್ತಿದ ಕೂಡಲೇ ಪಕ್ಕದ ಕೆಂಪು ದೀಪ ಹತ್ತಿ ದೀರ್ಘವಾದ ಬೀಪ್ ಶಬ್ದ ಬರುವುದನ್ನು ಎಷ್ಟೋ ಸಲ ಕಂಡಿದ್ದೆ. ಓದು ಬಾರದವರಿಗೂ ಕಣ್ಣು ಮಂಜಾದವರಿಗೂ ಮತ ದಾಖಲಾಯಿತೆಂಬ ಭರವಸೆಯನ್ನು ಆ ದೀಪ ಮತ್ತು ಶಬ್ದ ಸೇರಿ ಕೊಡುತ್ತವೆ ಎಂದು ಯೋಚಿಸಿದ್ದು ಮಾತ್ರ ಈ ತರಗತಿಗಳಿಗೆ ಬಂದ ಮೇಲೆ.

ಎರಡನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನಮ್ಮೂರಿನ ಅಡಿಕೆ ಸುಲಿತ. ನಾನು ತೀರ್ಥಹಳ್ಳಿ ಕಡೆಯವನು. ಮಲೆನಾಡಿನಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಸುಲಿಯುವವರು, ಹೆಚ್ಚಾಗಿ ಹೆಂಗಸರು, ನೆಲಮಟ್ಟದ ಮಣೆಯಲ್ಲಿ ನೆಟ್ಟ ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಅಡಿಕೆಯನ್ನು ಎರಡು ಕೈಯಿಂದ ಕತ್ತಿಯ ಬಾಯಿಗೆ ಒತ್ತಿ, ತಿರುವಿ, ಸಿಪ್ಪೆ ಬಿಡಿಸುತ್ತಾರೆ. ಕೂಲಿ ಡಬ್ಬದ ಲೆಕ್ಕದಲ್ಲಿ, ಕೆಲಸ ನಡುರಾತ್ರಿಯವರೆಗೆ. ಮೋಟಾರಿನ ಸುಲಿಯುವ ಯಂತ್ರಗಳು ಬಂದಿವೆ, ನಿಜ. ಆದರೆ ಹತ್ತಿಪ್ಪತ್ತು ಗುಂಟೆ ತೋಟದವರು ಸ್ವಂತಕ್ಕೆ ಯಂತ್ರ ಇಟ್ಟುಕೊಳ್ಳಲಾರರು. ಅವರ ಅಂಗಳದಲ್ಲಿ ಇಂದಿಗೂ ಕತ್ತಿಯೇ ಇದೆ, ಆ ಕತ್ತಿಯ ಮುಂದೆ ಕೂರುವವರ ಮೈನೋವೂ ಇದೆ.

ಅವರನ್ನು ಕೇಳಿದಾಗ ಮೂರು ಮಾತು ಮತ್ತೆ ಮತ್ತೆ ಬಂದವು: ಕೈ ಉರಿಯುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ನಾನು ಕಲಿತ ಓದಿನ ತಿರುಳು ಇಲ್ಲಿದೆ. ಇಂಥ ಮಾತನ್ನು ಅಳತೆಗೆ ಇಳಿಸಬೇಕು, ಆ ಅಳತೆಯನ್ನು ವಸ್ತುವಾಗಿಸಬೇಕು, ವಸ್ತುವನ್ನು ಮತ್ತೆ ಆ ಮಾತನ್ನಾಡಿದವರ ಮುಂದೆಯೇ ಇಡಬೇಕು. ಒಂದು ಕೋಷ್ಟಕ ಮಾಡಿ, ಅದರ ಎಡಗಡೆ ಅವರ ಮಾತನ್ನು ಅವರು ಆಡಿದಂತೆಯೇ ಬರೆದೆ, ನಡುವೆ ಅದಕ್ಕೆ ಕಾರಣವಾಗಬಹುದಾದ ಬಲ, ಎತ್ತರ, ಕೋನಗಳನ್ನು ಬರೆದೆ, ಬಲಗಡೆ ಅವುಗಳಿಗೆ ಮಿತಿಯನ್ನು ನ್ಯೂಟನ್, ಮಿಲಿಮೀಟರ್, ಡಿಗ್ರಿಗಳಲ್ಲಿ ನಿಗದಿ ಮಾಡಿದೆ.

ಸೊಂಟ ನೋವಿಗೆ ನನ್ನ ಉತ್ತರ ಸರಳವಾಗಿತ್ತು: ನೆಲದಿಂದ ಮೇಲೆತ್ತುವುದು. ಎನ್‌ಐಡಿ 1997ರಲ್ಲಿ ಪ್ರಕಟಿಸಿದ ಭಾರತೀಯರ ದೇಹದ ಅಳತೆಗಳನ್ನು ನೋಡಿ, ಕುಳ್ಳಗಿನ ಹೆಂಗಸರ ಪಾದವೂ ನೆಲಕ್ಕೆ ತಾಗುವಂತೆ ಆಸನದ ಎತ್ತರವನ್ನು 360 ಮಿಲಿಮೀಟರ್ ಎಂದಿಟ್ಟೆ. ಕತ್ತಿಯನ್ನು ಎದೆಗಿಂತ ಸ್ವಲ್ಪ ಕೆಳಗೆ ಬರುವಂತೆ ಉಕ್ಕಿನ ಸ್ಟ್ಯಾಂಡಿಗೆ ಬೋಲ್ಟಿನಿಂದ ಬಿಗಿದೆ. ಬ್ರಿಟನ್ನಿನ ಎಂಜಿನಿಯರ್ ಸ್ಟುವರ್ಟ್ ಪ್ಯೂ ರೂಪಿಸಿದ ಹೋಲಿಕೆಯ ವಿಧಾನದಲ್ಲಿ, ಹಳೆಯ ಮೆಟ್ಟುಗತ್ತಿಯನ್ನೇ ಆಧಾರವಾಗಿಟ್ಟು ನನ್ನ ಐದು ಕಲ್ಪನೆಗಳಿಗೂ ಹೆಚ್ಚು, ಕಡಿಮೆ, ಸಮ ಎಂಬ ಗುರುತು ಹಾಕಿದಾಗ ಈ ಎತ್ತರದ ಆಸನವೇ ಗೆದ್ದಿತು. ಮಾದರಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ಹೋದೆ.

ನಮ್ಮ ನೆರೆಮನೆಗೆ ಸುಲಿಯಲು ಬರುತ್ತಿದ್ದ ಹಿರಿಯಕ್ಕ ಅದರಲ್ಲಿ ಅರ್ಧ ಗಂಟೆ ಕೂತರು. ಆಮೇಲೆ ಏನೂ ಹೇಳದೆ ಎದ್ದು ತಮ್ಮ ಹಳೆಯ ಮಣೆಗೆ ಹೋದರು. ನಾನು ಒತ್ತಾಯ ಮಾಡಿ ಕೇಳಿದಾಗ, “ಕೂರಕ್ಕೆ ಚೆನ್ನಾಗಿದೆ ತಮ್ಮ, ಆದ್ರೆ ಅಡಿಕೆ ಕೈಗೆ ಸಿಗಬೇಕಲ್ಲ” ಎಂದರು. ಅಡಿಕೆಯ ರಾಶಿ ನೆಲದ ಮೇಲಿತ್ತು. ಐದಾರು ಜನ ಅದರ ಸುತ್ತ ಕೂತು, ಮಾತಾಡುತ್ತಾ, ನೋಡದೆಯೇ ಎಡಗೈಯಿಂದ ಅಡಿಕೆ ಎಳೆದುಕೊಳ್ಳುತ್ತಿದ್ದರು. ನನ್ನ ಆಸನದಲ್ಲಿ ಕೂತವರು ಮಾತ್ರ ಪ್ರತಿ ಸಲವೂ ಬಗ್ಗಬೇಕಿತ್ತು, ಅದೂ ಮೊದಲಿಗಿಂತ ಹೆಚ್ಚು. ಸೊಂಟ ನೋವು ಕಡಿಮೆ ಮಾಡಲೆಂದು ಮಾಡಿದ ವಸ್ತು ಸೊಂಟವನ್ನೇ ಹೆಚ್ಚು ಬಗ್ಗಿಸುತ್ತಿತ್ತು. ನನ್ನ ಕೋಷ್ಟಕದಲ್ಲಿ ರಾಶಿಗೆ ಒಂದು ಸಾಲೇ ಇರಲಿಲ್ಲ. ಇಲ್ಲದ ಸಾಲಿಗೆ ಯಾವ ವಿಧಾನವೂ ಅಂಕ ಕೊಡಲಾರದು. ಆ ರಾತ್ರಿ ನನಗಾದ ನೋವು ಸಣ್ಣದಲ್ಲ, ಆದರೆ ಎರಡು ವರ್ಷದಲ್ಲಿ ಅಷ್ಟು ಕಲಿಸಿದ ದಿನ ಇನ್ನೊಂದಿಲ್ಲ.

ಮರುದಿನದಿಂದ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವರ ಅನುಮತಿ ಪಡೆದು ವಿಡಿಯೊ ತೆಗೆದೆ, ಹಾಸ್ಟೆಲಿಗೆ ಬಂದು ನಿಧಾನಗತಿಯಲ್ಲಿ ನೋಡಿದೆ. ಆಗ ಕಂಡದ್ದು ಕಾಲು. ಗಟ್ಟಿ ಅಡಿಕೆ ಬಂದಾಗ ಹಿರಿಯಕ್ಕನ ಪಾದ ಹಲಗೆಯನ್ನು ಹೆಚ್ಚು ಒತ್ತುತ್ತಿತ್ತು, ಎಳೆಯ ಅಡಿಕೆಗೆ ಸಡಿಲವಾಗುತ್ತಿತ್ತು. ಕತ್ತಿ ಅದಕ್ಕೆ ತಕ್ಕಂತೆ ಒಂದಿಷ್ಟು ಬಾಗಿ ಕೊಡುತ್ತಿತ್ತು. ನಾನು ಬೋಲ್ಟು ಹಾಕಿ ಬಿಗಿದು ಅವರ ಕಾಲಿನ ಆ ವಿದ್ಯೆಯನ್ನೇ ನಿಲ್ಲಿಸಿಬಿಟ್ಟಿದ್ದೆ.

ಕೈ ಉರಿಯ ವಿಷಯ ಪ್ರಯೋಗಾಲಯದಲ್ಲಿ ತೀರ್ಮಾನವಾಯಿತು. ಕತ್ತಿಯನ್ನು ಬಲ ಅಳೆಯುವ ಲೋಡ್ ಸೆಲ್ ಮೇಲೆ ಕೂರಿಸಿ, ಬೇರೆ ಬೇರೆ ಕೋನ, ಬೇರೆ ಬೇರೆ ಬಾಗುಗಳಲ್ಲಿ ಅಡಿಕೆ ಸೀಳಲು ಬೇಕಾಗುವ ಬಲವನ್ನು ಅಳೆದೆ. ಕೋನ ಬದಲಿಸಿದಾಗ ಆದ ವ್ಯತ್ಯಾಸಕ್ಕಿಂತ, ಆಗತಾನೇ ಮಸೆದ ಕತ್ತಿಗೂ ಒಂದು ರಾತ್ರಿ ದುಡಿದು ಮೊಂಡಾದ ಕತ್ತಿಗೂ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಕತ್ತಿ ಮೊಂಡಾದಷ್ಟೂ ಹೆಬ್ಬೆರಳು ಹೆಚ್ಚು ಒತ್ತುತ್ತದೆ, ಚರ್ಮ ಬಿರಿಯುತ್ತದೆ, ಬಿರಿದಲ್ಲಿ ಅಡಿಕೆಯ ಚೊಗರು ಸೇರಿ ಉರಿಯುತ್ತದೆ. ಹಾಗಾಗಿ ಕತ್ತಿಯನ್ನು ಸುಲಭವಾಗಿ ಬಿಚ್ಚಿ ಮಸೆಯುವಂತಿರಬೇಕು ಎಂಬುದು ಕೋಷ್ಟಕದ ಮೊದಲ ಸಾಲಾಯಿತು.

ಯಾವ ಉಕ್ಕು ಎಂಬುದರ ಮೇಲೆ ತರಗತಿಯಲ್ಲಿ ಬಹಳ ಚರ್ಚೆಯಾಯಿತು. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ, ಆದ್ದರಿಂದ ಸ್ಟೇನ್‌ಲೆಸ್ ಉಕ್ಕೇ ಸರಿ ಎಂದು ಸಹಪಾಠಿಗಳು ಹೇಳಿದರು. ಆದರೆ ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಕಾಯಿಸಿ ತಣಿಸಿದರೂ ಅದು ಗಡುಸಾಗುವುದಿಲ್ಲ. ಗಡುಸಾಗುವ 420 ದರ್ಜೆಯ ಉಕ್ಕಿಗೆ ಹೆಚ್ಚಿನ ಉಷ್ಣತೆಯನ್ನು ನಿಖರವಾಗಿ ಕೊಡಬೇಕು, ಊರಿನ ಕುಲುಮೆಯಲ್ಲಿ ಅದು ಆಗದ ಮಾತು. ಲಾರಿಯ ಪ್ಲೇಟ್ ಸ್ಪ್ರಿಂಗಿನ ಉಕ್ಕನ್ನು ನಮ್ಮ ಕಮ್ಮಾರರು ಮೊದಲಿನಿಂದ ಬಲ್ಲರು, ಮನೆಯ ಸಾಣೆಕಲ್ಲಿಗೂ ಅದು ಬಗ್ಗುತ್ತದೆ. ಕತ್ತಿ ಕಪ್ಪಾದರೆ ಆಗಲಿ ಎಂದು ನಾನು ಅದನ್ನೇ ಉಳಿಸಿಕೊಂಡೆ. ಬೋಲ್ಟಿನ ಬದಲು ಮರದ ಬೆಣೆ ಬಂದಿತು. ಎರಡು ಏಟಿಗೆ ಕತ್ತಿ ಕೈಗೆ ಬರುತ್ತದೆ.

ಅಡಿಕೆಯ ರಾಶಿಯನ್ನು ಕೈಯ ಹತ್ತಿರ ಇಡಲು ಪ್ಲಾಸ್ಟಿಕ್ ತಟ್ಟೆ ಮಾಡುವ ಯೋಚನೆಯನ್ನೂ ಬಿಟ್ಟೆ, ಏಕೆಂದರೆ ಕೆಲವು ನೂರು ತಟ್ಟೆಗಳಿಗಾಗಿ ಅಚ್ಚಿಗೆ ಲಕ್ಷಗಟ್ಟಲೆ ಹಣ ಹಾಕುವುದು ಸರಿಯಲ್ಲ. ಪ್ಲೈವುಡ್ ಹಲಗೆಯ ಮೇಲೆ ಅಡಿಕೆ ಹರಡಿ, ಒಂದು ಕಡೆಯಿಂದ ಮೆಲ್ಲನೆ ಎತ್ತುತ್ತಾ ಅಡಿಕೆ ಉರುಳತೊಡಗುವ ಕೋನವನ್ನು ಮತ್ತೆ ಮತ್ತೆ ಗುರುತಿಸಿದೆ. ಸುಮಾರು 20 ಡಿಗ್ರಿ ಇಳಿಜಾರಿನ ತಟ್ಟೆ ಮಾಡಿದರೆ ರಾಶಿ ತಾನಾಗಿಯೇ ಕೈಯ ಹತ್ತಿರಕ್ಕೆ ಬರುತ್ತದೆ ಎಂದಾಯಿತು. ಆ ತಟ್ಟೆಯನ್ನು ನಡುವೆ ಇಟ್ಟು ನಾಲ್ಕು ಜನ ಸುತ್ತ ಕೂರುವಂತೆ ಮಾಡಿದೆ, ಮಾತುಕತೆಯ ಸುತ್ತು ಮುರಿಯಲಿಲ್ಲ. ಆಸನವನ್ನು 180 ಮಿಲಿಮೀಟರಿಗೆ ಇಳಿಸಿದೆ, ಹಲಸಿನ ಹಲಗೆಯನ್ನು ಮತ್ತೆ ಪಾದದ ಕೆಳಗೇ ಇಟ್ಟೆ.

ಪ್ರಾಜೆಕ್ಟನ್ನು ಪರೀಕ್ಷಕರ ಮುಂದಿಡುವ ಅಂತಿಮ ಜ್ಯೂರಿಯಲ್ಲಿ, ಇದು ಹಳೆಯ ಮಣೆಯಂತೆಯೇ ಕಾಣುತ್ತದಲ್ಲ, ಹೊಸದೇನು ಎಂಬ ಪ್ರಶ್ನೆ ಬಂದಿತು. ನಾನು ಅಲ್ಲಿಯವರೆಗೆ ಮಾಡಿದ್ದ ನಾಲ್ಕೂ ಮಾದರಿಗಳನ್ನು ಸಾಲಾಗಿ ಇಟ್ಟು, ಮೊದಲನೆಯದು ಏಕೆ ಸೋತಿತು ಎಂಬುದರಿಂದಲೇ ಉತ್ತರ ಆರಂಭಿಸಿದೆ. ಸೋತ ಮಾದರಿಯನ್ನು ಅಟ್ಟಕ್ಕೆ ಹಾಕದೆ ಜೊತೆಗೆ ತರುವುದು ಒಳ್ಳೆಯದು ಎಂದು ಈಗ ಓದುತ್ತಿರುವವರಿಗೆ ಹೇಳಬಯಸುತ್ತೇನೆ. ಪ್ರತಿ ಅಳತೆಯ ಹಿಂದಿನ ಕಾರಣ ಅದರಲ್ಲೇ ಇರುತ್ತದೆ.

ಮುಂದಿನ ಕೊಯ್ಲಿನಲ್ಲಿ ನಾನು ಊರಿಗೆ ಹೋದಾಗ ನಾಲ್ಕನೆಯ ಮಾದರಿ ನೆರೆಮನೆಯ ಅಂಗಳದಲ್ಲಿ ಬಳಕೆಯಲ್ಲಿತ್ತು. ಆಸನಕ್ಕೆ ಹಳೆಯ ಸೀರೆಯ ತುಂಡನ್ನು ಮಡಿಸಿ ಸುತ್ತಿದ್ದರು, ಅದರ ಕಾಲುಗಳನ್ನು ಗರಗಸದಿಂದ ಸ್ವಲ್ಪ ಕತ್ತರಿಸಿದ್ದರು. ಕಾರಣ ಕೇಳಿದಾಗ ಹಿರಿಯಕ್ಕ, ಆಸನ ಎತ್ತರವಾದರೆ ಮಡಿಲಿನಲ್ಲಿ ಅಡಿಕೆ ನಿಲ್ಲುವುದಿಲ್ಲ ಎಂದು ತೋರಿಸಿಕೊಟ್ಟರು. ಟೇಪು ಹಿಡಿದು ನೋಡಿದೆ, 160 ಮಿಲಿಮೀಟರ್ ಇತ್ತು. ಬೆಂಗಳೂರಿಗೆ ಹಿಂದಿರುಗಿ ಡ್ರಾಯಿಂಗ್ ತೆರೆದು, 180 ಎಂಬುದನ್ನು ಹೊಡೆದು 160 ಎಂದು ತಿದ್ದಿ, ಪಕ್ಕದ ಷರಾ ಕಾಲಂನಲ್ಲಿ ‘ಮಡಿಲಿನಲ್ಲಿ ಅಡಿಕೆ ನಿಲ್ಲಲು’ ಎಂದು ಬರೆದೆ.